ತತ್ತಿ ಹೊತ್ತ ಮೀನಿಗೆ ಎರಡು ತಿಂಗಳು ಬಿಡುವು ಕೊಡಿ

ಜೂನ್ 8ರ ಆಸುಪಾಸಿನಲ್ಲಿ ಮೃಗಶಿರ ಮಳೆ ಕೂಡಿತೆಂದರೆ ಹೈದರಾಬಾದಿನ ಮೀನು ಪೇಟೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂದು ಮೀನು ತಿಂದರೆ ಮಳೆಗಾಲದ ಕೆಮ್ಮು ದಮ್ಮು ಹತ್ತಿರ ಸುಳಿಯುವುದಿಲ್ಲ ಎಂಬುದು ತೆಲಂಗಾಣದ ಹಳೆಯ ನಂಬಿಕೆ. ನಾಂಪಲ್ಲಿಯ ವಸ್ತುಪ್ರದರ್ಶನ ಮೈದಾನದಲ್ಲಿ ಬತ್ತಿನಿ ಕುಟುಂಬದವರು ಕೊಡುವ ಔಷಧಕ್ಕೆ ಸಾವಿರಾರು ಜನ ಸರದಿಯಲ್ಲಿ ನಿಲ್ಲುತ್ತಾರೆ. ಬೆರಳುದ್ದದ ಜೀವಂತ ಕೊರಮೀನಿನ ಮರಿಯ ಬಾಯಲ್ಲಿ ಔಷಧವಿಟ್ಟು ಅದನ್ನು ಹಾಗೆಯೇ ನುಂಗಿಸುತ್ತಾರೆ. ರಾಯಚೂರು 1948ರವರೆಗೆ ಹೈದರಾಬಾದ್ ಸಂಸ್ಥಾನದ ಜಿಲ್ಲೆಯಾಗಿತ್ತು. ಇಲ್ಲಿಯ ಬೀಗತನ, ವ್ಯಾಪಾರ, ಊಟ, ನಂಬಿಕೆ ಎಲ್ಲದರ ಬೇರೂ ಅತ್ತ ಚಾಚಿಕೊಂಡಿದೆ. ಹೀಗಾಗಿ ಮಿರಗದ, ಅಂದರೆ ಮೃಗಶಿರದ, ಮೀನಿನ ರುಚಿ ರಾಯಚೂರಿಗೂ ಹೊಸತೇನಲ್ಲ.

ಆದರೆ ಜನ ಮೀನು ಬೇಕೆನ್ನುವ ಈ ದಿನಗಳು ಹೊಳೆಯ ಮೀನು ಬಸಿರಾಗಿರುವ ದಿನಗಳೂ ಹೌದು. ಮೃಗಶಿರದಿಂದ ಆಶ್ಲೇಷದವರೆಗಿನ ಮಳೆಗಳಲ್ಲಿ ಕೃಷ್ಣೆ ಮತ್ತು ತುಂಗಭದ್ರೆಯ ಹೆಚ್ಚಿನ ಜಾತಿಯ ಮೀನುಗಳು ವರ್ಷಕ್ಕೊಮ್ಮೆ ತತ್ತಿ ಹಾಕುತ್ತವೆ. ಆ ಹೊತ್ತಿಗೆ ಬಲೆ ಮಡಚಿಡುವುದು ನಮ್ಮ ಕರಾವಳಿಯಲ್ಲಿ ರೂಢಿಯಾಗಿದೆ, ಕಾಯ್ದೆಯೂ ಆಗಿದೆ. ಎರಡು ದೊಡ್ಡ ನದಿಗಳ ನಡುವೆ ಮಲಗಿರುವ ರಾಯಚೂರು ಜಿಲ್ಲೆಯಲ್ಲಿ ಅದು ಇನ್ನೂ ಅಷ್ಟಾಗಿ ಮಾತಿನ ವಿಷಯವಾಗಿಲ್ಲ. ಆಗಬೇಕು, ಅದೂ ಬೇಗ ಆಗಬೇಕು.

ಜೂನ್ ಕೊನೆಯಲ್ಲಿ ಹೊಳೆಯ ಮೀನು ಕೊಯ್ಯುವವರ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ ಸಾಕು. ಹೆಣ್ಣು ಮೀನಿನ ಹೊಟ್ಟೆ ಮೆತ್ತಗೆ ಉಬ್ಬಿರುತ್ತದೆ. ಈಳಿಗೆ ತಾಗಿದ ಕೂಡಲೇ ರವೆಯಂಥ ತತ್ತಿಯ ಎರಡು ಉದ್ದನೆಯ ಚೀಲಗಳು ಹೊರಗೆ ಜಾರುತ್ತವೆ. ಗಂಡನ್ನು ಗುರುತಿಸುವುದೂ ಸುಲಭ. ಬೆದೆಯ ಕಾಲದಲ್ಲಿ ಗಂಡು ರೋಹುವಿನ ಕಿವಿರಿನ ಪಕ್ಕದ ರೆಕ್ಕೆಯ ಮೇಲೆ ಬೆರಳಾಡಿಸಿದರೆ ಉಪ್ಪುಕಾಗದದ ಹಾಗೆ ಒರಟು ಹತ್ತುತ್ತದೆ, ಹೆಣ್ಣಿನದು ನುಣುಪು. ಗಂಡಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿದರೆ ಹಾಲಿನಂಥ ಬಿಳಿಯ ವೀರ್ಯ ಜಿನುಗುತ್ತದೆ. ಒಂದು ಕಿಲೊ ತೂಕದ ಹೆಣ್ಣು ರೋಹುವಿನಲ್ಲಿ ಸುಮಾರು 2 ಲಕ್ಷ ತತ್ತಿಗಳಿರುತ್ತವೆ. ತತ್ತಿ ಮೀನು ರುಚಿಯೆಂದು ಅದನ್ನೇ ಹುಡುಕಿ ಒಯ್ಯುವವರಿದ್ದಾರೆ. ಹಾಗೆ ಒಯ್ದ ಒಂದೊಂದು ಕೈಚೀಲದಲ್ಲೂ ಹೊಳೆಯ ಮುಂದಿನ ವರ್ಷದ ಬೆಳೆ ಹೋಗುತ್ತದೆ.

ಕಾಟ್ಲಾ, ರೋಹು, ಮೃಗಾಲ್, ಕಾಗೆ ಮೀನು ಇವೆಲ್ಲ ಒಂದೇ ಬಳಗದ ಗೆಂಡೆ ಮೀನುಗಳು. ಇವು ತತ್ತಿ ಹಾಕಲು ಕೇಳುವುದು ಮೂರು ವಸ್ತು: ಏರುವ ನೀರು, ಹರಿಯುವ ನೀರು, ಕೆಂಪು ನೀರು. ಹೊಸ ಮಳೆಯ ನೆರೆ ಬಂದಾಗ ನೀರಿನ ಬಿಸಿ ಇಳಿಯುತ್ತದೆ, ಮಣ್ಣು ಕದಡುತ್ತದೆ, ದಡದ ಹುಲ್ಲು ಮುಳುಗುತ್ತದೆ. ಮಡುಗಳಲ್ಲಿ ಬೇಸಿಗೆ ಕಳೆದ ಮೀನುಗಳು ಆಗ ಹರಿವಿಗೆ ಎದುರಾಗಿ ಮೇಲೆ ಹೊರಡುತ್ತವೆ. ಮಲೆನಾಡಿನವರು ಇವನ್ನೇ ಹತ್ತುಮೀನು ಎನ್ನುತ್ತಾರೆ. ನೆರೆಯ ಅಂಚಿನ ತೆಳುನೀರಿನಲ್ಲಿ ಗಂಡು ಹೆಣ್ಣು ಕೂಡಿ ತತ್ತಿ, ವೀರ್ಯ ಎರಡನ್ನೂ ನೀರಿಗೇ ಬಿಡುತ್ತವೆ. ಅಂಟು ಇಲ್ಲದ ಆ ತತ್ತಿಗಳು ಹರಿವಿನ ಜೊತೆ ತೇಲುತ್ತ ಉರುಳುತ್ತ ಸಾಗಿ, ಹದಿನಾಲ್ಕರಿಂದ ಇಪ್ಪತ್ತು ತಾಸಿನೊಳಗೆ ಒಡೆದು ಮರಿಯಾಗುತ್ತವೆ. ಮುಳುಗಿದ ಗದ್ದೆ, ಹಳ್ಳದ ಬಾಯಿ, ಜೊಂಡಿನ ಬುಡ ಆ ಮರಿಗಳ ತೊಟ್ಟಿಲು. ನೆರೆ ಬರದಿದ್ದರೆ ಹೆಣ್ಣು ತತ್ತಿಯನ್ನು ಹೊಟ್ಟೆಯಲ್ಲೇ ಕರಗಿಸಿಕೊಳ್ಳುತ್ತದೆ. ಆ ವರ್ಷದ ಸಂತಾನ ಅಲ್ಲಿಗೆ ಮುಗಿಯಿತು.

ನಿಂತ ನೀರಿನಲ್ಲಿ ಈ ಮೀನುಗಳಿಂದ ಮರಿ ಪಡೆಯಲು ವಿಜ್ಞಾನಿಗಳು ಬಹಳ ಕಾಲ ಹೆಣಗಿದ್ದಾರೆ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆ ಮೀನಿನಿಂದ ತತ್ತಿ ಹಾಕಿಸಿದರು. ಆ ದಿನವನ್ನೇ ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಹೊಳೆಯ ನೆರೆ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಕ್ಕೆ ಮನುಷ್ಯ ಸೂಜಿ ಹಿಡಿಯಬೇಕಾಯಿತು.

ಮರಿ ಮಾಡುವ ಇನ್ನೊಂದು ಬಗೆಯನ್ನು ಅರಿಯಲು ಈಗ ಕಡಲಿನ ಕಡೆ ನೋಡೋಣ. 2020ರ ಅಕ್ಟೋಬರಿನಲ್ಲಿ ಮಲ್ಪೆ ಬಂದರಿಗೆ ಎರಡು ದೈತ್ಯ ತೊರಕೆ ಮೀನುಗಳು ಬಂದಿಳಿದವು. ಒಂದರ ತೂಕ ಸುಮಾರು 750 ಕಿಲೊ, ಕ್ರೇನಿನಲ್ಲಿ ಎತ್ತಬೇಕಾದ ಗಾತ್ರ. ತಲೆಯ ಎರಡು ಬದಿಗೆ ಕೊಂಬಿನಂಥ ರೆಕ್ಕೆಗಳಿರುವ ಈ ಗುಂಪನ್ನು ಜಗತ್ತಿನಾದ್ಯಂತ ದೆವ್ವದ ತೊರಕೆ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಪಾಪ, ಅದು ತಿನ್ನುವುದು ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು, ಸಣ್ಣ ಮೀನುಗಳನ್ನು. ಅದು ತತ್ತಿ ಹಾಕಿ ಬಿಟ್ಟುಹೋಗುವ ಜೀವಿಯಲ್ಲ. ಹೆಣ್ಣು ಮರಿಯನ್ನು ಹೊಟ್ಟೆಯೊಳಗೆ ಸುಮಾರು ಒಂದು ವರ್ಷ ಹೊತ್ತು, ಗರ್ಭಕೋಶದಲ್ಲಿ ಸ್ರವಿಸುವ ಪೌಷ್ಟಿಕ ದ್ರವವನ್ನು ಉಣಿಸಿ ಬೆಳೆಸುತ್ತದೆ. ಒಂದು ಬಸಿರಿಗೆ ಸಾಮಾನ್ಯವಾಗಿ ಒಂದೇ ಮರಿ. ಇಷ್ಟು ನಿಧಾನವಾಗಿ ಹೆಚ್ಚುವ ಜೀವಿ ಬಲೆಗೆ ತಾಳಲಾರದೆಂದು ಜಗತ್ತು ಒಪ್ಪಿಕೊಂಡಿತು. 2016ರಲ್ಲಿ ವನ್ಯಜೀವಿ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದಡಿ ಇಡೀ ಗುಂಪಿನ ವ್ಯಾಪಾರಕ್ಕೆ ಕಡಿವಾಣ ಬಿತ್ತು. ಭಾರತದಲ್ಲೂ 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿ ಇವುಗಳಲ್ಲಿ ಕೆಲವಕ್ಕೆ ರಕ್ಷಣೆ ಕೊಟ್ಟಿದೆ.

ವರ್ಷ ಹೊತ್ತು ಒಂದೇ ಮರಿ ಹೆರುವ ತೊರಕೆಯ ಪಾಡು ಕೇಳಿದರೆ ಯಾರಿಗಾದರೂ ಕನಿಕರ ಹುಟ್ಟುತ್ತದೆ. ಎರಡು ಲಕ್ಷ ತತ್ತಿ ಹಾಕುವ ಹೊಳೆ ಮೀನಿನ ಬಗ್ಗೆ ಆ ಕನಿಕರ ಇಲ್ಲ. ಅದಕ್ಕೇನು ಬರ, ಮುಂದಿನ ವರ್ಷ ಮತ್ತೆ ಹುಟ್ಟುತ್ತದೆ ಎಂದುಕೊಳ್ಳುತ್ತೇವೆ. ಇಲ್ಲಿಯೇ ನಮ್ಮ ಲೆಕ್ಕ ತಪ್ಪುತ್ತಿರುವುದು. ಹೊಳೆಯ ಮೀನು ತನ್ನ ಇಡೀ ವರ್ಷದ ಭರವಸೆಯನ್ನು ಕೆಲವೇ ವಾರಗಳ ಮೇಲೆ, ಕೆಲವೇ ಜಾಗಗಳ ಮೇಲೆ ಕಟ್ಟಿರುತ್ತದೆ. ಆ ವಾರಗಳಲ್ಲಿ ಆ ಜಾಗಕ್ಕೆ ಬಲೆ ಬಿದ್ದರೆ ಲಕ್ಷವೂ ಒಂದೇ, ಸೊನ್ನೆಯೂ ಒಂದೇ. ಕೊರಮೀನು ಮರಿ ಕಾಯುವುದನ್ನು ಕಂಡವರಿಗೆ ಇದು ಚೆನ್ನಾಗಿ ಗೊತ್ತು. ಕೆಂಪು ಬಣ್ಣದ ಮರಿಗಳ ಹಿಂಡು ನೀರಿನ ಮೇಲ್ಮೈಯಲ್ಲಿ ಕುದಿಯುವಂತೆ ಆಡುತ್ತಿರುತ್ತದೆ, ಅದರ ಕೆಳಗೆ ತಂದೆ ತಾಯಿ ಕಾವಲಿರುತ್ತವೆ. ಆ ಕೆಂಪು ಹಿಂಡೇ ಬೇಟೆಗಾರನಿಗೆ ಗುರುತು. ದೊಡ್ಡ ಮೀನು ಗಾಳಕ್ಕೆ ಸಿಕ್ಕಿತೆಂದರೆ ಉಳಿದ ಮರಿಗಳು ಬೇರೆ ಮೀನುಗಳ ಬಾಯಿಗೆ ಹೋಗುತ್ತವೆ.

ಇನ್ನು ನದಿಯ ಸ್ಥಿತಿ. ಕೃಷ್ಣೆಯ ಕೆಳಪಾತ್ರಕ್ಕೆ ಬೆಜವಾಡದಲ್ಲಿ (ಇಂದಿನ ವಿಜಯವಾಡ) 1855ರಲ್ಲೇ ಅಡ್ಡಗಟ್ಟೆ ಬಿತ್ತು. ಆಮೇಲೆ ನಾಗಾರ್ಜುನಸಾಗರ, ಶ್ರೀಶೈಲ, ಜುರಾಲಾ, ನಾರಾಯಣಪುರ, ಆಲಮಟ್ಟಿ ಒಂದೊಂದಾಗಿ ಎದ್ದವು. ದೇವದುರ್ಗ, ರಾಯಚೂರು ತಾಲ್ಲೂಕುಗಳ ಪಾಲಿಗೆ ಉಳಿದಿರುವುದು ನಾರಾಯಣಪುರ ಮತ್ತು ಜುರಾಲಾಗಳ ನಡುವಿನ ತುಂಡು ಕೃಷ್ಣೆ. ಆ ತುಂಡಿಗೂ ಗೂಗಲ್‌ನಲ್ಲಿ ಒಂದು, ಗುರ್ಜಾಪುರದಲ್ಲಿ ಒಂದು ಬ್ಯಾರೇಜು. ದಕ್ಷಿಣದಲ್ಲಿ ಮಾನ್ವಿಯ ತುಂಗಭದ್ರೆಗೆ ಮೇಲೆ 1953ರ ಹೊಸಪೇಟೆ ಅಣೆಕಟ್ಟೆ, ಕೆಳಗೆ ರಾಜೋಳಿಬಂಡೆಯ ಅಡ್ಡಗಟ್ಟೆ. ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು, ಮಾನ್ವಿಯ ಭತ್ತದ ಗದ್ದೆಗಳು ಹಸಿರಾದವು, ರಾಯಚೂರಿನ ನಲ್ಲಿಗೂ ಅದೇ ನೀರು ಬಂತು. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ಕೃಷ್ಣೆಯ ನೀರಿಲ್ಲದೆ ಒಂದು ದಿನವೂ ನಡೆಯದು. ಇವನ್ನೆಲ್ಲ ಬೇಡವೆನ್ನುವ ಮಾತು ಇಲ್ಲಿಲ್ಲ.

ಆದರೆ ಅಣೆಕಟ್ಟೆ ಮೀನಿನ ಪಂಚಾಂಗವನ್ನೇ ತಿದ್ದಿದೆ. ಘಟ್ಟದಲ್ಲಿ ಜೂನ್‌ನಲ್ಲಿ ಸುರಿದ ಮೊದಲ ಮಳೆ ಒಂದು ಕಾಲಕ್ಕೆ ಕೆಲವೇ ದಿನಗಳಲ್ಲಿ ಮಾನ್ವಿಯ ದಡ ಮುಟ್ಟುತ್ತಿತ್ತು. ಈಗ ಅದು ಮೊದಲು ತುಂಗಭದ್ರಾ ಜಲಾಶಯವನ್ನು ತುಂಬಬೇಕು. 105 ಟಿಎಂಸಿ ಅಡಿಗೂ ಮಿಕ್ಕ ಆ ಒಡಲು ತುಂಬಿ 33 ಕ್ರೆಸ್ಟ್ ಗೇಟುಗಳು ಏಳುವ ಹೊತ್ತಿಗೆ ಒಳ್ಳೆಯ ವರ್ಷದಲ್ಲೂ ಸಾಮಾನ್ಯವಾಗಿ ಜುಲೈ ಕೊನೆಯೋ ಆಗಸ್ಟೋ ಆಗಿರುತ್ತದೆ. ಅಷ್ಟು ದಿನ ಕೆಳಗಿನ ಹೆಣ್ಣು ಮೀನು ತತ್ತಿ ಹೊತ್ತು ಕಾಯುತ್ತಿರಬೇಕು. ಬಂದರೆ ಒಮ್ಮೆಲೇ ಬರುತ್ತದೆ. ನಾರಾಯಣಪುರದಿಂದ ಲಕ್ಷಗಟ್ಟಲೆ ಕ್ಯೂಸೆಕ್ ಬಿಟ್ಟರು, ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗಿತು ಎಂಬುದು ಪತ್ರಿಕೆ ಓದುವವರಿಗೆಲ್ಲ ಪರಿಚಿತ ಸುದ್ದಿ. ಗೇಟು ಇಳಿಸಿದ ಮೇಲೆ ಅಷ್ಟೇ ಬೇಗ ನೀರು ಇಳಿಯುತ್ತದೆ. ದಡದ ಹುಲ್ಲಿನಲ್ಲಿ ಆಗಷ್ಟೇ ಒಡೆದ ಮರಿಗಳು ಕೆಸರಿನಲ್ಲಿ ಉಳಿಯುತ್ತವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ ಇಡೀ ಜಿಲ್ಲೆ ರೈತರ ಎರಡನೇ ಬೆಳೆಯ ಚಿಂತೆ ಮಾಡಿತು. ಅದು ನ್ಯಾಯವೇ. ಕೆಳಗಿನ ಹೊಳೆಯಲ್ಲಿ ತತ್ತಿ, ಮರಿಗಳ ಗತಿ ಏನಾಯಿತೆಂದು ಯಾರೂ ಕೇಳಲಿಲ್ಲ.

ಅಡ್ಡಗಟ್ಟೆಯ ಬುಡದಲ್ಲಿ ನಡೆಯುವುದು ಇನ್ನೂ ಕೆಟ್ಟದ್ದು. ಹರಿವಿಗೆ ಎದುರು ಹೊರಟ ಮೀನು ಗೋಡೆ ಸಿಕ್ಕಲ್ಲಿ ನಿಲ್ಲುತ್ತದೆ, ಹಾರುತ್ತದೆ, ಬೀಳುತ್ತದೆ, ಮತ್ತೆ ಹಾರುತ್ತದೆ. ಒಂದೇ ಜಾಗದಲ್ಲಿ ನೂರಾರು ತತ್ತಿ ಮೀನು ಗಿಜಿಗುಡುತ್ತವೆ. ಬ್ರಿಟಿಷ್ ಕಾಲದಲ್ಲೇ ಮೀನು ತಜ್ಞ ಫ್ರಾನ್ಸಿಸ್ ಡೇ ದಕ್ಷಿಣದ ಅಣೆಕಟ್ಟುಗಳನ್ನು ಸುತ್ತಿ ನೋಡಿ, ಬುಡದಲ್ಲಿ ಸೇರುವ ಮೀನುಗಳನ್ನು ಕಾಪಾಡದಿದ್ದರೆ ಹೊಳೆ ಬರಿದಾಗುತ್ತದೆಂದು ಬರೆದಿದ್ದರು. ಅವರ ವರದಿ 1873ರದು. ಸಣ್ಣ ಕಣ್ಣಿನ ಬಲೆಗೆ ತಡೆ ಬೇಕೆಂದೂ ಅದರಲ್ಲಿ ಹೇಳಿದ್ದರು. ಒಂದೂವರೆ ಶತಮಾನ ಕಳೆದ ಮೇಲೂ ಸೊಳ್ಳೆ ಪರದೆಯಂಥ ಬಲೆಗಳು ಹೊಳೆಯಲ್ಲಿ ಇಳಿಯುತ್ತಿವೆ.

ಬೇಸಿಗೆಯ ಕಥೆ ಬೇರೆ. ಏಪ್ರಿಲ್, ಮೇ ಹೊತ್ತಿಗೆ ಎರಡೂ ಹೊಳೆ ಬತ್ತಿ ಬಂಡೆ, ಮರಳು ಮಾತ್ರ ಕಾಣುತ್ತದೆ. ನೀರು ಉಳಿಯುವುದು ಮಡುಗಳಲ್ಲಿ. ಮುಂದಿನ ಮಳೆಗೆ ತತ್ತಿ ಹಾಕಬೇಕಾದ ದೊಡ್ಡ ಮೀನುಗಳೆಲ್ಲ ಅಲ್ಲೇ ಸೇರಿರುತ್ತವೆ. ಒಂದು ಮಡುವಿಗೆ ಸಿಡಿಮದ್ದು ಹಾಕಿದರೆ ಹತ್ತು ಹರದಾರಿಯ ಹೊಳೆಯ ತಾಯಿ ಮೀನುಗಳು ಒಂದೇ ಏಟಿಗೆ ತೇಲುತ್ತವೆ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಮೀನಿನ ನೆಲೆ ಕೆಡಿಸುವ ಮರಳೆತ್ತುವಿಕೆಯದೂ ಇದೇ ಪಾಡು, ನಿಯಮ ಇದ್ದರೂ ಪಾಲನೆ ಇಲ್ಲ. ಮಳೆಗಾಲದಲ್ಲಿ ನದಿಪಾತ್ರದಿಂದ ಮರಳು ಎತ್ತಬಾರದೆಂದು ಕೇಂದ್ರ ಪರಿಸರ ಸಚಿವಾಲಯದ 2016ರ ಮಾರ್ಗಸೂಚಿ ಹೇಳುತ್ತದೆ. ಆದರೆ ದೇವದುರ್ಗ, ಮಾನ್ವಿ ತಾಲ್ಲೂಕುಗಳಲ್ಲಿ ಮರಳಿನ ದಂಧೆ ಎಷ್ಟು ಬಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ: 2018ರ ಡಿಸೆಂಬರಿನಲ್ಲಿ ಮಾನ್ವಿ ತಾಲ್ಲೂಕಿನಲ್ಲಿ ಮರಳಿನ ಲಾರಿ ತಡೆಯಲು ಹೋದ ಗ್ರಾಮ ಲೆಕ್ಕಾಧಿಕಾರಿಯೊಬ್ಬರು ಅದೇ ಲಾರಿಯಡಿ ಜೀವ ಬಿಟ್ಟರು. ಮನುಷ್ಯನನ್ನೇ ಲೆಕ್ಕಿಸದ ಕಡೆ ಮೀನಿನ ತತ್ತಿಯ ಮಾತು ಹಗುರವೆನಿಸಬಹುದು. ಎರಡನ್ನೂ ತುಳಿಯುತ್ತಿರುವ ಚಕ್ರ ಒಂದೇ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದಿಂದ ಮಂಗಳೂರಿನವರೆಗೆ ದೋಣಿಗಳು ಬಂದರಿನಲ್ಲಿ ಸಾಲಾಗಿ ನಿಲ್ಲುತ್ತವೆ. ನಾಡದೋಣಿಗಳಿಗೆ ವಿನಾಯಿತಿ ಇದೆ. ಬಡವನ ತುತ್ತನ್ನೂ ಮೀನಿನ ಬಸಿರನ್ನೂ ಒಟ್ಟಿಗೆ ನೋಡಿದ ಏರ್ಪಾಡು ಇದು. ಇದನ್ನೇ ಹೊಳೆಗೆ ಹೊಂದಿಸಿದರೆ ಸಾಕು. ಜೂನ್, ಜುಲೈ ಎರಡು ತಿಂಗಳು ಕೃಷ್ಣೆ, ತುಂಗಭದ್ರೆಯಲ್ಲಿ ಬಲೆ ಬೇಡ. ಮನೆಯ ಸಾರಿಗೆ ಗಾಳ ಹಾಕುವವರನ್ನು ತಡೆಯುವುದೂ ಬೇಡ. ಗೂಗಲ್, ಗುರ್ಜಾಪುರ, ರಾಜೋಳಿಬಂಡೆಯ ಕಟ್ಟೆಗಳ ಕೆಳಗೆ ಅರ್ಧ ಮೈಲಿಯವರೆಗೆ ಮಾತ್ರ ವರ್ಷವಿಡೀ ಯಾವ ಮೀನುಗಾರಿಕೆಯೂ ಇರಬಾರದು. ರಾಜ್ಯದ ಒಳನಾಡು ಮೀನುಗಾರಿಕೆ ಕಾಯ್ದೆ ಮೀನುಗಾರಿಕೆಯನ್ನು ನಿಯಂತ್ರಿಸುವ ಅಧಿಕಾರವನ್ನು ಸರ್ಕಾರದ ಕೈಗೆ ಕೊಟ್ಟಿದೆ. ಬೇಕಿರುವುದು ಅದನ್ನು ದಡದಲ್ಲಿ ನಿಂತು ಜಾರಿ ಮಾಡುವ ಮನಸ್ಸು.

ಎರಡು ತಿಂಗಳು ಬಲೆ ಬಿಟ್ಟರೆ ಅಂಬಿಗರ ಮನೆಯ ಒಲೆ ಉರಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕೊಡದೆ ನಿಷೇಧದ ಮಾತಾಡುವುದು ಅನ್ಯಾಯ. ದಡದ ಗಂಗಾಮತಸ್ಥ, ಕಬ್ಬಲಿಗ, ಬೆಸ್ತ ಮನೆಗಳು ತಲೆತಲಾಂತರದಿಂದ ಹರಿಗೋಲು, ಬಲೆ ನಂಬಿ ಬಾಳಿದವು. ಹೊಳೆ ಬರಿದಾದರೆ ಮೊದಲು ಹಸಿಯುವುದೂ ಅವೇ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರಿಕೆ ನಿಂತಿರುವ ತಿಂಗಳುಗಳಿಗೆಂದೇ ಉಳಿತಾಯ ಪರಿಹಾರದ ಏರ್ಪಾಡಿದೆ. ಮೀನುಗಾರ 1,500 ರೂಪಾಯಿ ಕಟ್ಟಿದರೆ ಸರ್ಕಾರ 3,000 ಸೇರಿಸಿ ಕೊಡುತ್ತದೆ. ಅದು ಕಡಲಿನವರಿಗಷ್ಟೇ ಸೀಮಿತವಲ್ಲ, ಒಳನಾಡಿನವರಿಗೂ ಉಂಟು. ಮೊತ್ತ ಚಿಕ್ಕದು, ಎರಡು ತಿಂಗಳ ಸಂಸಾರಕ್ಕೆ ಖಂಡಿತ ಸಾಲದು. ರಾಜ್ಯ ಸರ್ಕಾರ ಅದಕ್ಕೆ ತನ್ನ ಪಾಲು ಹೆಚ್ಚಿಸಿ ಸೇರಿಸಬೇಕು. ದಡದ ಕಾವಲು ಕೆಲಸವನ್ನೂ ಆ ಎರಡು ತಿಂಗಳು ಮೀನುಗಾರರ ಸಹಕಾರ ಸಂಘಗಳಿಗೇ ಕೂಲಿ ಕೊಟ್ಟು ವಹಿಸಬೇಕು. ಯಾವ ಮಡುವಿನಲ್ಲಿ ಯಾವ ಮೀನು ಇದೆಯೆಂದು ಅವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ.

ಇಲಾಖೆಯವರು ಮೀನುಮರಿ ಬಿಡುತ್ತಾರಲ್ಲ, ಮತ್ತೇಕೆ ಚಿಂತೆ ಎನ್ನುವವರೂ ಇದ್ದಾರೆ. ತೊಟ್ಟಿಯಲ್ಲಿ ಹುಟ್ಟಿಸಿ ಬಿಡುವುದು ಬಹುಮಟ್ಟಿಗೆ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಯ ಮರಿಗಳನ್ನು. ಮೊದಲ ಮೂರು ಗಂಗೆಯ ಕಡೆಯಿಂದ ಬಂದವು, ನಾಲ್ಕನೆಯದು ಹೊರದೇಶದ್ದು. ಈ ಹೊಳೆಗಳ ಮೂಲದ ಬಾಳೆ ಮೀನು ಅಳಿವಿನ ಅಂಚಿಗೆ ಸರಿಯುತ್ತಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದೆ. ಕಾಗೆ ಮೀನು, ಕೊರಮೀನಿನ ಮರಿಯನ್ನು ಹೊಳೆಗೆ ಬಿಡುವ ಕೆಲಸಕ್ಕೆ ಅಷ್ಟು ಮಹತ್ವ ಸಿಕ್ಕಿಲ್ಲ. ಬಿಟ್ಟ ಮರಿಯೂ ತತ್ತಿ ಹಾಕುವಷ್ಟು ದೊಡ್ಡದಾಗಲು ಎರಡು ವರ್ಷ ಬೇಕು. ಅಷ್ಟರೊಳಗೆ ಸಣ್ಣ ಕಣ್ಣಿನ ಬಲೆ ಅದನ್ನು ಎತ್ತಿಕೊಂಡರೆ ಸರ್ಕಾರದ ದುಡ್ಡು ನೀರಿಗೆ ಹೋಯಿತು ಎಂದೇ ಅರ್ಥ.

ನಿಜವಾದ ತೊಡಕು ಇರುವುದು ಎದುರು ದಡದಲ್ಲಿ. ದೇವದುರ್ಗದ ಎದುರು ದಡ ಯಾದಗಿರಿ ಜಿಲ್ಲೆ. ಕೃಷ್ಣೆ ಇನ್ನಷ್ಟು ಕೆಳಗೆ ಹೋದರೆ ತೆಲಂಗಾಣ. ಮಾನ್ವಿಯ ಆಚೆ ದಡ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಮುಂದೆ ಮಂತ್ರಾಲಯದ ಹೊತ್ತಿಗೆ ಆಂಧ್ರ. ಈ ದಡದವರು ಬಲೆ ಬಿಟ್ಟು ಆ ದಡದವರು ಬೀಸಿದರೆ ಪ್ರಯೋಜನವಿಲ್ಲ. ಆದರೆ ನೀರು ಹಂಚಿಕೊಳ್ಳಲು ಮೂರು ರಾಜ್ಯಗಳು ಕೂತು ಮಾತಾಡುವ ತುಂಗಭದ್ರಾ ಮಂಡಳಿ ಇದೆ. ಆ ಮಂಡಳಿಗೆ ತನ್ನದೇ ಮೀನುಗಾರಿಕೆ ವಿಭಾಗವೂ ಇದೆ. ಕಾಲುವೆಗೆ ಎಷ್ಟು ಕ್ಯೂಸೆಕ್ ಎಂದು ತೀರ್ಮಾನಿಸುವ ಸಭೆಯಲ್ಲಿ ಮೀನಿನ ಎರಡು ತಿಂಗಳಿಗೂ ಒಂದು ದಿನಾಂಕ ಗೊತ್ತು ಮಾಡಬಹುದು. ಜೂನ್ ಕೊನೆಯಲ್ಲೋ ಜುಲೈ ಮೊದಲಲ್ಲೋ, ಒಳಹರಿವು ಚೆನ್ನಾಗಿರುವ ವರ್ಷ, ಕೆಲವು ದಿನ ನದಿಗೆ ಹಂತಹಂತವಾಗಿ ನೀರು ಏರಿಸಿ ಹಂತಹಂತವಾಗಿ ಇಳಿಸಲು ಅದೇ ಸಭೆ ಒಪ್ಪಬಹುದು. ನದಿಗೂ ಕನಿಷ್ಠ ಹರಿವು ಬೇಕೆಂಬುದನ್ನು ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿಯೇ 2010ರಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಹಾಗಾಗಿ ಇದು ಕೇಳಬಾರದ ಕೇಳಿಕೆಯೇನಲ್ಲ.

ಮೇಲಿನ ತುಂಗೆಯನ್ನು ನೋಡಿ. ಶೃಂಗೇರಿಯ ಮಠದ ಮುಂದೆ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿ ಮೀನಿಗೆ ಕೈ ಹಚ್ಚುವವರಿಲ್ಲ. ಅಲ್ಲಿ ಮತ್ಸ್ಯಧಾಮಗಳಿವೆ. ಅಣೆಕಟ್ಟೆಯ ಕೆಳಗೆ ಕಂಪ್ಲಿಯವರೆಗಿನ ತುಂಗಭದ್ರೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ. ಅದೇ ನೀರು ಮುಂದೆ ಹರಿದು ರಾಯಚೂರು ಜಿಲ್ಲೆಗೆ ಬಂದಾಗ ಮೀನಿಗೆ ಅಂಥ ಆಸರೆ ಸಿಗುವುದಿಲ್ಲ. ದೇವದುರ್ಗದ ಕೊಪ್ಪರದಲ್ಲಿ ನರಸಿಂಹನ ಗುಡಿಯ ಮುಂದಿನ ಕೃಷ್ಣೆ, ಮಾನ್ವಿಯ ಚೀಕಲಪರ್ವಿಯಲ್ಲಿ ವಿಜಯದಾಸರ ನೆನಪಿನ ತುಂಗಭದ್ರಾ ದಡ, ಭೀಮೆ ಬಂದು ಕೃಷ್ಣೆಯನ್ನು ಕೂಡುವ ಸಂಗಮ ಈ ಮೂರನ್ನಾದರೂ ಮೊದಲ ಹಂತದಲ್ಲಿ ಮತ್ಸ್ಯಧಾಮ ಮಾಡಬಹುದು. ಹೊಳೆಗೆ ಬಾಗಿನ ಕೊಡುವ ಜನ ಹೊಳೆಯ ಮೀನಿಗೆ ಒಂದು ಮಡು ಬಿಟ್ಟುಕೊಡಲಾರರೆಂದು ನಂಬುವುದು ಕಷ್ಟ.

ರಾಯಚೂರು ಜಿಲ್ಲಾಡಳಿತ ಮತ್ತು ಮೀನುಗಾರಿಕೆ ಇಲಾಖೆ ಬರುವ ಮೇ ತಿಂಗಳೊಳಗೆ ಅಂಬಿಗರ ಸಂಘಗಳನ್ನು, ಎದುರು ದಡದ ಜಿಲ್ಲೆಗಳ ಅಧಿಕಾರಿಗಳನ್ನು ಒಂದು ಕಡೆ ಕೂರಿಸಿ ಮಾತಾಡಲಿ. ಪರಿಹಾರದ ಹಣವನ್ನು ಮೊದಲು ಖಾತೆಗೆ ಹಾಕಿ ಆಮೇಲೆ ಬಲೆ ನಿಲ್ಲಿಸುವ ಆದೇಶ ಹೊರಡಿಸಲಿ. ಕೊಳ್ಳುವವರೂ ಒಂದು ಕೆಲಸ ಮಾಡಬಹುದು: ಮಿರಗದ ದಿನ ಮೀನು ಬೇಕೇ ಬೇಕೆಂದರೆ ಕೆರೆಯಲ್ಲಿ ಸಾಕಿದ ಮೀನು ಕೇಳಿ ತನ್ನಿ. ಹೊಟ್ಟೆ ಉಬ್ಬಿದ ಹೊಳೆ ಮೀನನ್ನು ಆ ಎರಡು ತಿಂಗಳು ತಕ್ಕಡಿಯಲ್ಲೇ ಬಿಟ್ಟು ಬನ್ನಿ.